ನೆಲದೊಳಗಿನ ಖರ್ಚು

ನವಲಗುಂದದ ಕಡೆ ಮನೆಗೆ ಬಂದವರು ಮೊದಲು ಗೋಡೆ ನೋಡುತ್ತಾರೆ, ಆಮೇಲೆ ಮನೆಯವರ ಮುಖ. ಎರೆಭೂಮಿಯ ಮೇಲೆ ಕಟ್ಟಿದ ಮನೆಯೆಂದ ಮೇಲೆ ಸೀಳು ಇರಲೇಬೇಕು. ಕಾಣದಿದ್ದರೆ ಈಚೆಗೆ ಬಣ್ಣ ಬಳಿಸಿದ್ದಾರೆ ಅಂತಲೇ ಅರ್ಥ. ನಮ್ಮ ಮನೆಯದು ಅಡುಗೆಮನೆಯ ಕಿಟಕಿ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಈಶಾನ್ಯದ ಮೂಲೆ ಮುಟ್ಟುತ್ತಿತ್ತು. ಈಶಾನ್ಯ ಅಂದದ್ದೇ ತಡ, ನೆಂಟರಲ್ಲಿ ಅರ್ಧ ಮಂದಿ ವಾಸ್ತು ಪಂಡಿತರಾದರು. ಉಳಿದವರು ಸಿಮೆಂಟನ್ನು ಬೈದರು. ಬೇಸಿಗೆಯಲ್ಲಿ ಅದರೊಳಗೆ ಎಂಟಾಣೆ ನಾಣ್ಯ ತೂರುತ್ತಿತ್ತು, ಶ್ರಾವಣದಲ್ಲಿ ಪೋಸ್ಟ್‌ಕಾರ್ಡೂ ಹೋಗುತ್ತಿರಲಿಲ್ಲ. “ತಾನ ಮುಚ್ಕೋತದಲ್ಲ, ಇರ್ಲಿ ಬಿಡು” ಎಂದು ಅಪ್ಪ ತಮ್ಮ ಕಾಲ ಮುಗಿಸಿದರು.

ಈಶಾನ್ಯದ ತಪ್ಪೂ ಇಲ್ಲ, ಸಿಮೆಂಟಿನ ತಪ್ಪೂ ಇಲ್ಲ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ತೆಳು ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಹಿಂಗಾರಿ ಜೋಳಕ್ಕೆ, ಕಡಲೆಗೆ, ಹತ್ತಿಗೆ ಇದೇ ಗುಣ ವರ, ಮಳೆ ನಿಂತ ಮೇಲೂ ತೇವ ಹಿಡಿದು ಪೈರು ಸಾಕುತ್ತದೆ. ಮನೆಗೆ ಮಾತ್ರ ಅದು ಕಾಟ. ಮನೆಯ ನಡುವಿನ ನೆಲಕ್ಕೆ ಬಿಸಿಲೂ ಇಲ್ಲ ಮಳೆಯೂ ಇಲ್ಲ, ತೇವ ಹೆಚ್ಚುಕಡಿಮೆ ಒಂದೇ ಸಮ. ಅಂಚಿನ ನೆಲ ಬೇಸಿಗೆಗೆ ಕುಸಿಯುತ್ತದೆ, ಮಳೆಗಾಲಕ್ಕೆ ಏಳುತ್ತದೆ. ಅಂಚಿನಲ್ಲೊಂದು ಬೇವಿನ ಮರ, ಇನ್ನೊಂದು ಕಡೆ ಸೋರುವ ಬಚ್ಚಲು ಇದ್ದರಂತೂ ಕೇಳುವುದೇ ಬೇಡ. ನಮ್ಮಲ್ಲಿ ಎರಡೂ ಇದ್ದವು.

ಇನ್ನೊಂದು ವಿಚಿತ್ರವನ್ನು ಸೀಳು ನೋಡಲು ಬಂದ ಎಂಜಿನಿಯರ್ ಹೇಳಿದರು. ಭಾರದ ಕಟ್ಟಡ ಈ ಮಣ್ಣನ್ನು ಅದುಮಿಕೊಂಡು ಕೂರುತ್ತದಂತೆ. ಒಂದೇ ಅಂತಸ್ತಿನ ಹಗುರ ಮನೆಯನ್ನೇ ಮಣ್ಣು ಎತ್ತಿ ಇಳಿಸಿ ಆಡಿಸುವುದು. “ಹಂಗಾದ್ರ ಮ್ಯಾಲ ಇನ್ನೆರಡು ಅಂತಸ್ತು ಏರ್ಸೋಣಲ್ಲ ಸರ” ಎಂದ ನನ್ನ ತಮ್ಮ. ಎಂಜಿನಿಯರ್ ನಗಲಿಲ್ಲ. ಒಂದು ಗಾಜಿನ ಪಟ್ಟಿ ತೆಗೆದು ಸೀಳಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದರು. ಗಾಜು ಒಡೆದರೆ ಸೀಳಿಗೆ ಇನ್ನೂ ಜೀವ ಇದೆ ಎಂದು ಲೆಕ್ಕ. ಯುಗಾದಿಗೆ ಮುಂಚೆಯೇ ಅದು ನಡುವೆ ನೆಟ್ಟಗೆ ಸೀಳಿತ್ತು.

ಈ ಮಣ್ಣಿಗೆ ಮದ್ದು ಇಲ್ಲವೆಂದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲೇ ಇದಕ್ಕೆಂದು ಒಂದು ಬಗೆಯ ಪೈಲ್ ರೂಪಿಸಿದರು. ತೇವ ಋತುವಿಗೊಮ್ಮೆ ಬದಲಾಗದ ಆಳಕ್ಕೆ, ಅಂದರೆ ಸುಮಾರು ಮೂರೂವರೆ ಮೀಟರ್ ಕೆಳಕ್ಕೆ ತೂತು ಕೊರೆದು, ಬುಡದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲಿಸಿ ಕಾಂಕ್ರೀಟ್ ತುಂಬುವುದು. ಮೇಲಿನ ಮಣ್ಣು ಎಷ್ಟೇ ಕುಣಿದರೂ ಕೆಳಗಿನ ಗಡ್ಡೆ ಕದಲುವುದಿಲ್ಲ. ಐಐಟಿ ಬಾಂಬೆಯ ಆರ್.ಕೆ. ಕಟ್ಟಿ ಇನ್ನೊಂದು ದಾರಿ ತೋರಿಸಿದರು: ಎರೆಮಣ್ಣಿನ ಮೇಲೆ ಉಬ್ಬದ, ಆದರೆ ಅಂಟಿಕೊಳ್ಳುವ ಮಣ್ಣಿನ ದಪ್ಪ ಪದರ ಹಾಸಿದರೆ ಕೆಳಗಿನ ಉಬ್ಬರ ಅಡಗುತ್ತದೆ. ಮಲಪ್ರಭಾ ಕಾಲುವೆಯಲ್ಲಿ ಅದನ್ನು ಬಳಸಿದರು. ಹೌದು, 1980ರಲ್ಲಿ ನರಗುಂದ, ನವಲಗುಂದದ ರೈತರು ಬಂಡೆದ್ದದ್ದು ಅದೇ ಮಲಪ್ರಭಾ ಯೋಜನೆಯ ಕರದ ವಿರುದ್ಧ. ಕಾಲುವೆಯ ತಳಕ್ಕೆ ಸಿಕ್ಕ ಉಪಚಾರ ರೈತನ ಮನೆಯ ಪಾಯಕ್ಕೆ ಸಿಗಲಿಲ್ಲ ಎಂದು ನನಗೆ ಅನಿಸುವುದುಂಟು. ಈ ಎರಡೂ ಮದ್ದು ಮನೆ ಕಟ್ಟುವ ಮುಂಚಿನವು. ಕಟ್ಟಿ ಮುಗಿದ ಮನೆಯ ಕೆಳಗೆ ಕೈ ಹಾಕುವುದು ಬೇರೆಯೇ ಬಾಬತ್ತು, ದುಡ್ಡು ಬೇಡುವುದು ಅಲ್ಲೇ.

ಅಪ್ಪನ ಡೈರಿಯಲ್ಲಿ ಮನೆಯ ಲೆಕ್ಕ ಇದೆ. 1994ರಲ್ಲಿ ಅಜ್ಜನ ಮನೆಯ ಹಿತ್ತಲಲ್ಲಿ ಈ ಮನೆ ಎಬ್ಬಿಸಲು ಒಟ್ಟು 2,60,000 ರೂಪಾಯಿ. ಅದರಲ್ಲಿ “ಪಾಯಾ, ಕಲ್ಲು, ಗರಸು ಸಹಿತ” 31,000. ಈಗ ಒಂದೇ ಮೂಲೆಗೆ ಎಂಜಿನಿಯರ್ ಕೊಟ್ಟ ಎಸ್ಟಿಮೇಟು 2,15,000. ಗೋಡೆಯ ಕೆಳಗೆ ಒಂದೊಂದು ತುಂಡು ಬಿಟ್ಟು ಒಂದೊಂದು ತುಂಡು ಅಗೆದು ಕಾಂಕ್ರೀಟ್ ಕೂಡಿಸುವುದು, ಅದು ಗಟ್ಟಿಯಾದ ಮೇಲೆ ನಡುವಿನವು. ಬಚ್ಚಲ ಪೈಪು ಬೇರೆ ಕಡೆ ಒಯ್ಯುವುದು, ಮನೆಯ ಸುತ್ತ ನೀರು ಇಳಿಯದಂತೆ ಕಾಂಕ್ರೀಟ್ ಪಟ್ಟಿ ಹಾಸುವುದು. ಒಡೆಯುವ ಟೈಲ್ಸು, ಅಡುಗೆಮನೆ ಬಂದ್ ಆದಾಗಿನ ಖಾನಾವಳಿ, ಇವು ಎಸ್ಟಿಮೇಟಿನಲ್ಲಿ ಬರುವುದಿಲ್ಲ.

ಹಾಗಾದರೆ ಅಜ್ಜನ ಮಣ್ಣಿನ ಮನೆಗೆ ಇದೇ ನೆಲ ಏನೂ ಮಾಡಲಿಲ್ಲವೆ? ಮಾಡಿತು, ಪ್ರತಿ ವರ್ಷವೂ ಮಾಡಿತು. ಎರಡು ಅಡಿ ದಪ್ಪದ ಗೋಡೆ ಪ್ರತಿ ಬೇಸಿಗೆ ಬಿರಿಯುತ್ತಿತ್ತು. ದಸರೆಗೆ ಮುಂಚೆ ಅಜ್ಜಿ, ಅವ್ವ, ದೊಡ್ಡವ್ವ ಮಣ್ಣು, ಹೊಟ್ಟು, ಸೆಗಣಿ ಕಲಸಿ, ಸೀಳಿಗೆ ಬೆರಳಿನಿಂದ ತುರುಕಿ, ಅಂಗೈಯಿಂದ ಸವರಿ, ಸುಣ್ಣ ಎಳೆಯುತ್ತಿದ್ದರು. ಅಜ್ಜನ ಖಾತೆ ಪುಸ್ತಕದಲ್ಲಿ ಎತ್ತಿನ ಲಾಳದ ಖರ್ಚಿದೆ, ಜಾತ್ರೆಯ ಬೆಂಡು ಬತ್ತಾಸಿನ ಖರ್ಚಿದೆ, ಗೋಡೆಯ ರಿಪೇರಿ ಎಂಬ ಬಾಬತ್ತೇ ಇಲ್ಲ. ಹೆಂಗಸರ ಕೈಗೆ ಕೂಲಿ ಇಲ್ಲದ್ದರಿಂದ ಆ ಮನೆ ಅಗ್ಗವಾಗಿ ಕಂಡಿತು. ಹಳೆಯ ಮನೆಗಳೇ ಗಟ್ಟಿ ಎಂದು ಹೊಗಳುವವರಿಗೆ ನಾನು ಈ ಖಾತೆ ಪುಸ್ತಕ ತೋರಿಸುತ್ತೇನೆ.

ಕೆಲಸ ಸುರುವಾಗಿ ಮೂಲೆಯ ಹತ್ತಿರ ಆಳಿನ ಹಾರೆ ಎದೆಯುದ್ದ ಇಳಿಯುತ್ತಲೇ ಸದ್ದು ಬದಲಾಯಿತು. ಗೌಂಡಿ ತಾನೇ ಕೆಳಗಿಳಿದು ಹಾರೆ ಕುಕ್ಕಿ ನೋಡಿದ. “ಇದು ಪೊಳ್ಳು ಐತ್ರಿ ಸರ. ಹಗೇವು ಇದ್ದಂಗೈತಿ.” ಇನ್ನಷ್ಟು ಕೆದರಿದಾಗ ಬೂದಿ, ಹೆಂಚಿನ ಚೂರು, ಹರಿದ ಗೋಣಿ, ಕರಿಕಾದ ಹುಲ್ಲಿನ ಎಳೆಗಳು ಮೇಲೆ ಬಂದವು. ಅವ್ವ ಕೋಲೂರಿಕೊಂಡು ಬಂದು ಬಗ್ಗಿ ನೋಡಿದಳು.

“ಅಲ್ಲಿ ಹಗೇವಿತ್ತಲ್ಲೋ, ನಿಮ್ಮ ಮುತ್ಯಾನ ಕಾಲದ್ದು. ನಾ ಮದವಿ ಆಗಿ ಬಂದಾಗ ಅದರಾಗಿಂದ ಜ್ವಾಳ ತಗದಿದ್ದು ನೋಡೇನಿ.”

“ಮೊದಲs ಯಾಕ ಹೇಳಲಿಲ್ಲಬೇ?”

“ನೀವು ಇಂಜಿನೇರನ್ನ ಕೇಳಿದ್ರಿ. ನನ್ನ ಎಲ್ಲಿ ಕೇಳಿದ್ರಿ?”

ಬಾಯಿ ಕಿರಿದು, ಒಡಲು ಹಿರಿದು, ಒಳಗೆಲ್ಲ ಹುಲ್ಲಿನ ಹಾಸು: ಬ್ಯಾಂಕಿಲ್ಲದ ಕಾಲದಲ್ಲಿ ಜೋಳದ ಠೇವಣಿ ಅದು. ಬರಗಾಲಕ್ಕೆಂದು ವರ್ಷಗಟ್ಟಲೆ ಕಾಳು ಹೂತಿಡುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಗಾಳಿ ಕೆಟ್ಟಿರುತ್ತದೆ, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹೈಬ್ರಿಡ್ ಜೋಳ, ಗೋದಾಮು, ರೇಷನ್ ಅಕ್ಕಿ ಬಂದ ಮೇಲೆ ಹಗೇವು ಯಾರಿಗೂ ಬೇಡವಾದವು. ಕೈಗೆ ಸಿಕ್ಕ ಕಸ ಸುರಿದು ಮುಚ್ಚಿದರು, ಮೇಲೆ ಮನೆಗಳು ಎದ್ದವು. ಪಕ್ಕದ ನರಗುಂದದಲ್ಲಿ ಕೆಲ ವರ್ಷಗಳ ಹಿಂದೆ ಮಳೆಗೆ ಮನೆಯೊಳಗೂ ಓಣಿಯಲ್ಲೂ ನೆಲ ಕುಸಿದಾಗ ಇಂಥ ಹಗೇವುಗಳ ಮಾತೇ ಎಲ್ಲರ ಬಾಯಲ್ಲಿತ್ತು. ನಮ್ಮ ಬಚ್ಚಲಿನ ನೀರು ಇಷ್ಟು ವರ್ಷ ಹೋಗಿ ಸೇರಿದ್ದು ಮುತ್ಯಾನ ಹಗೇವಿನಲ್ಲಿ. ಒಳಗಿನ ಕಸ ನೆನೆನೆನೆದು ಕುಗ್ಗಿ, ಮೂಲೆಯ ಪಾಯವನ್ನು ಜತೆಗೆ ಎಳೆದುಕೊಂಡಿತ್ತು.

ಪೂರ್ತಿ ಬಗೆದು ಖಾಲಿ ಮಾಡಿ, ಪದರ ಪದರವಾಗಿ ಗರಸು ಹಾಕಿ ದಮ್ಮಸು ಮಾಡಬೇಕಾಯಿತು. ಎಸ್ಟಿಮೇಟಿಗೆ ಮೇಲೆ 48,000 ಕೂಡಿತು. ತಮ್ಮ ವಿಮೆಯ ಕಾಗದ ಹುಡುಕಿ ತಂದ. 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿ. ಮನೆ ನಿಂತ ನೆಲ ಕುಸಿದರೆ ಪರಿಹಾರ ಉಂಟು ಎಂದು ಓದಿ ಅವನ ಮುಖ ಅರಳಿತು. ಮುಂದಿನ ಸಾಲಿನಲ್ಲಿ ತುಂಬಿದ ನೆಲ ಜರುಗಿದರೆ ಇಲ್ಲ, ಮಾಮೂಲು ಸೀಳಿಗೆ ಇಲ್ಲ, ಕಟ್ಟುವಾಗಿನ ದೋಷಕ್ಕೆ ಇಲ್ಲ ಎಂದಿತ್ತು. ಪಾಲಿಸಿ ಬರೆದವರು ನಮ್ಮ ಹಿತ್ತಲು ನೋಡಿಯೇ ಬರೆದಂತಿತ್ತು.

ಈಗ ಕೆಲಸ ಮುಗಿದಿದೆ. ಬಂದವರಿಗೆ ತೋರಿಸಲು ಸುತ್ತಲಿನ ಕಾಂಕ್ರೀಟ್ ಪಟ್ಟಿ ಬಿಟ್ಟರೆ ಏನೂ ಇಲ್ಲ. ಇಷ್ಟಕ್ಕೇ ಎರಡೂವರೆ ಲಕ್ಷ ದಾಟಿತೇ ಎಂದು ಕಾಕಾ ಕಣ್ಣರಳಿಸಿದರು. ಅದೇ ದುಡ್ಡಿನಲ್ಲಿ ಹಳೇ ಕಾರಾದರೂ ಬರುತ್ತಿತ್ತು ಎಂಬುದು ಅವರ ವಾದ. ಗೋಡೆಯ ಮೇಲೆ ಹೊಸ ಗಾಜಿನ ಪಟ್ಟಿಗಳಿವೆ, ಮಳೆಗಾಲವೊಂದನ್ನು ದಾಟಿವೆ. ಒಂದು ಬೇಸಿಗೆಯನ್ನೂ ನೋಡಿ ಆಮೇಲೆ ಸೀಳು ಮುಚ್ಚಿ ಬಣ್ಣ ಹಚ್ಚಿ ಎಂದಿದ್ದಾರೆ ಎಂಜಿನಿಯರ್. ನನ್ನ ಹೆಂಡತಿ ಅಷ್ಟರಲ್ಲೇ ಬಣ್ಣದವನನ್ನು ಕರೆಸಿ, ಅಡುಗೆಮನೆಗೆ ತಿಳಿ ಹಳದಿ ಎಂದು ಗೊತ್ತುಮಾಡಿ, ಮುಂಗಡವನ್ನೂ ಕೊಟ್ಟಾಗಿದೆ.