ಅಪ್ಪನ ಗಾಡಿ, ಅಪ್ಪನ ಡೈರಿ

(1/4)

ಫಸ್ಟ್ ಫೋಟೋ ನೋಡಿ ನಗಬೇಡಿ. ರಸ್ತೆ ಪಕ್ಕ ಬಾನೆಟ್ ಎತ್ತಿಕೊಂಡು ನಿಂತಿರೋ ಆ ಬಿಳಿ ಪಿಕಪ್ ನಮ್ಮದೇ. ಬಿಳಿ ಅಂದ್ರೆ, ಒಂದು ಕಾಲದಲ್ಲಿ ಬಿಳಿ. ನಾನು ಎರಡನೇ ಕ್ಲಾಸಲ್ಲಿದ್ದಾಗ ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ ನಾನು ಬಿಕಾಂ ಐದನೇ ಸೆಮ್. ಇಷ್ಟು ವರ್ಷ ಮನೆಯ ರಾಗಿ, ಅಕ್ಕಿ, ನನ್ನ ಫೀಸು ಎಲ್ಲಾ ಬಂದಿರೋದು ಇದರ ಬೆನ್ನ ಮೇಲಿಂದಾನೇ.

ನಮ್ಮ ಕೋಲಾರದ ಕಡೆಯವರಿಗೆ ಹೇಳೋದೇ ಬೇಡ, ಟೊಮೇಟೊ ಯಾರಿಗೂ ಕಾಯಲ್ಲ. 15 ಕೆಜಿ ಬಾಕ್ಸ್‌ಗಳು ಹರಾಜಿಗೆ ಮುಂಚೆ ಎಪಿಎಂಸಿ ಸೇರಬೇಕು. ಗಾಡಿ ಲೇಟಾದ್ರೆ ತೋಟದವರು ಬಾಯಿಬಿಟ್ಟು ಏನೂ ಅನ್ನಲ್ಲ, ಮುಂದಿನ ವಾರ ಬೇರೆ ಗಾಡಿಗೆ ಫೋನ್ ಮಾಡ್ತಾರೆ ಅಷ್ಟೇ.

ಅಂಥದ್ರಲ್ಲಿ ಜೂನ್‌ನಿಂದ ಇದರ ಆಟ ಶುರುವಾಯ್ತು. ಲೋಡ್ ಹಾಕ್ಕೊಂಡು ಕೆರೆ ಕಟ್ಟೆ ದಾಟಿ ಏರು ಹತ್ತುವಾಗ ಎರಡು ಸಲ ಜರ್ಕ್ ಹೊಡೆಯುತ್ತೆ, ಆಮೇಲೆ ಆಫ್. ಸೆಲ್ಫ್ ಹೊಡೆದ್ರೆ ಇಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಅಪ್ಪ ಇಳಿದು, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈ ಪಂಪ್ ಒತ್ತಿ ಒತ್ತಿ ಗುಳ್ಳೆ ನಿಲ್ಲೋವರೆಗೂ ಏರ್ ತೆಗೀಬೇಕು. ಆಗ ಸ್ಟಾರ್ಟ್. ಸ್ವಲ್ಪ ದೂರ ಹೋದ್ರೆ ಮತ್ತೆ ಅದೇ ಕಥೆ. ಪ್ರತಿ ಸಲ ನಿಂತಾಗಲೂ ನಂಗೊಂದು ವಾಯ್ಸ್ ಮೆಸೇಜ್: "ಪಾಪ, ಗಾಡಿ ನಿಂತೋಯ್ತು, ಅಮ್ಮಂಗೆ ಹೇಳು, ಲೇಟಾಗುತ್ತೆ."

(2/4)

ಡೀಸೆಲ್ ಇಂಜಿನ್‌ಗೆ ಏರ್ ಹಿಡಿದ್ರೆ ಯಾಕೆ ನಿಲ್ಲುತ್ತೆ ಅಂತ ನಂಗೂ ಗೊತ್ತಿರಲಿಲ್ಲ. ಬೈಕ್‌ ತರ ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನ ಒತ್ತಿ ಒತ್ತಿ ಬಿಸಿ ಮಾಡುತ್ತೆ, ಅದರೊಳಗೆ ನಾಝಲ್‌ನಿಂದ ಡೀಸೆಲ್ ಜೋರಾಗಿ ಚಿಮ್ಮಿದಾಗ ತಾನೇ ಹೊತ್ಕೊಳ್ಳುತ್ತೆ. ಹಾಗೆ ಚಿಮ್ಮಬೇಕಂದ್ರೆ ಪಂಪ್ ಪ್ರೆಶರ್ ಕೊಡಬೇಕು. ಪೈಪಲ್ಲಿ ಡೀಸೆಲ್ ಜೊತೆ ಗಾಳಿ ಸೇರಿದ್ರೆ ಆ ಗಾಳಿ ಸ್ಪಂಜಿನ ತರ ಕುಗ್ಗುತ್ತೆ, ಪ್ರೆಶರ್ ನಾಝಲ್‌ವರೆಗೂ ಹೋಗೋದೇ ಇಲ್ಲ.

ಸರಿ, ಗಾಳಿ ಎಲ್ಲಿಂದ ಬರ್ತಿದೆ? ಇದೇ ತಲೆನೋವು. ಟ್ಯಾಂಕ್‌ನಿಂದ ಇಂಜಿನ್ ಕಡೆ ಡೀಸೆಲ್‌ನ ಎಳ್ಕೊಳ್ಳೋ ಪೈಪಲ್ಲಿ ತೂತಾದ್ರೆ, ಇಂಜಿನ್ ಓಡ್ತಿರುವಾಗ ಹೊರಗೆ ಒಂದು ಹನಿಯೂ ಸೋರದೆ ಇರಬಹುದು. ಅದು ಒಳಗೆ ಗಾಳಿ ಎಳೆಯುತ್ತೆ. ಕಣ್ಣಿಗೆ ಏನೂ ಕಾಣಲ್ಲ.

ಟೌನಿನ ಗ್ಯಾರೇಜಲ್ಲಿ ಫಿಲ್ಟರ್ ಎರಡು ಸಲ ಚೇಂಜ್ ಆಯ್ತು. ರಬ್ಬರ್ ಪೈಪ್, ತಾಮ್ರದ ವಾಷರ್, ಕೈ ಪಂಪ್, ಎಲ್ಲಾ ಹೊಸದು. ಪ್ರತಿ ಸಲ ಗಾಡಿ ಐದಾರು ದಿನ ಕುದುರೆ ತರ ಓಡೋದು. "ಈ ಸಲ ಸರಿ ಹೋಯ್ತು" ಅಂತ ನಾವು ಅಂದ್ಕೊಳ್ಳೋ ಹೊತ್ತಿಗೆ ಮತ್ತೆ ಕೆರೆ ಕಟ್ಟೆ ಹತ್ರ ವಾಯ್ಸ್ ಮೆಸೇಜ್.

ಕೊನೆಗೆ ಡೀಸೆಲ್ ಪಂಪೇ ಬಿಚ್ಚಬೇಕು, ನಾಝಲ್ ಕೆಲಸಾನೂ ಸೇರಿ 28,000 ರೂಪಾಯಿ ಅಂದ್ರು. ಅವತ್ತು ರಾತ್ರಿ ಅಮ್ಮ ಸುಮ್ಮನೆ ಕತ್ತಿನ ಸರ ತೆಗೆದು ಟೇಬಲ್ ಮೇಲಿಟ್ಟರು. ಅಪ್ಪ ಹೊರಗೆ ನಿಂತು ಯಾರಿಗೋ ಫೋನಲ್ಲಿ ಕೇಳ್ತಿದ್ರು, "ಗುಜರಿಗೆ ಹಾಕಿದ್ರೆ ಎಷ್ಟು ಬರಬಹುದು?"

(3/4)

ಮೂರನೇ ಫೋಟೋ ಅಪ್ಪನ ಡೈರಿ. ಸೀಟಿನ ಹಿಂದೆ ಇರುತ್ತೆ. ಬಾಡಿಗೆ ಎಷ್ಟು, ಡೀಸೆಲ್ ಎಷ್ಟು, ಯಾರು ಬಾಕಿ ಅಂತ ದಿನಾ ಬರೀತಾರೆ. ರಿಪೇರಿಗೆ ಒಟ್ಟು ಎಷ್ಟು ಹೋಗಿದೆ ಅಂತ ಕೂಡೋಕೆ ತಗೊಂಡೆ, ಅಷ್ಟೇ. ಇಂಜಿನ್ ಬಗ್ಗೆ ನಂಗೆ ತಲೆಬುಡ ಗೊತ್ತಿಲ್ಲ, ಲೆಕ್ಕ ಗೊತ್ತು.

ಕೂಡ್ತಾ ಕೂಡ್ತಾ ಒಂದು ಯೋಚನೆ ಬಂತು. ಗಾಡಿ ನಿಂತ ತಾರೀಖುಗಳೆಲ್ಲ ನನ್ನ ಫೋನಲ್ಲೇ ಇದಾವಲ್ಲ! ಹನ್ನೊಂದು ವಾಯ್ಸ್ ಮೆಸೇಜ್. ಒಂದೊಂದನ್ನೂ ಡೈರಿಯ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ.

ಹನ್ನೊಂದರಲ್ಲಿ ಹತ್ತು, ಡೀಸೆಲ್ ಕಾಲಂನಲ್ಲಿ 500, 500, 500 ಅಂತ ಇದ್ದ ದಿನಗಳಲ್ಲೇ. (ಇನ್ನೊಂದು ದಿನ ಅಪ್ಪ ಬರೆಯೋದನ್ನೇ ಮರೆತಿದ್ರು.) 500 ರೂಪಾಯಿಗೆ ಐದೂವರೆ ಲೀಟರ್ ಹತ್ರ ಬರುತ್ತೆ. ರಿಪೇರಿ ಆದ ದಿನ ಮಾತ್ರ 2,000. ಯಾಕೆ ಅಂದ್ರೆ ಗ್ಯಾರೇಜಿನವರು "ಡೀಸೆಲ್ ಕಮ್ಮಿ ಇದ್ರೆ ಟ್ಯಾಂಕಿನ ಕಸ ಎಳೆಯುತ್ತೆ, ಹಾಕಿಸಿ" ಅಂತಿದ್ರಂತೆ. ಆ 2,000 ಇರೋವರೆಗೂ ಗಾಡಿ ಒಂದು ಸಲಾನೂ ನಿಂತಿಲ್ಲ. ಡೀಸೆಲ್ ಮುಳ್ಳು ಯಾವಾಗಲೋ ಸತ್ತೋಗಿರೋದ್ರಿಂದ ಟ್ಯಾಂಕಲ್ಲಿ ಎಷ್ಟಿದೆ ಅಂತ ಯಾರೂ ನೋಡಿಲ್ಲ.

ಇನ್ನೊಂದು ಸಾಲೂ ಕಣ್ಣಿಗೆ ಬಿತ್ತು. "ಜುಲೈ 18, ಪಾಪ ಕಾಲೇಜು, 9,500." ಅದಾದ ಮೇಲೆ ಮೂರು ವಾರ ಬರೀ 500ಗಳು. ಆ ಮೂರು ವಾರದಲ್ಲೇ ನಾಲ್ಕು ಸಲ ಗಾಡಿ ನಿಂತಿದೆ.

ಅದೇ ತಿಂಗಳು ಪೆಟ್ರೋಲ್ ಬಂಕಲ್ಲಿ, ನನ್ನ ಫ್ರೆಂಡ್ಸ್ ಹಿಂದೆ ಕೂತಿದ್ದಾಗ, "ಅಪ್ಪ, ಒಂದೇ ಸಲ ಜಾಸ್ತಿ ಹಾಕಿಸೋಕೆ ಏನು ಕಷ್ಟ?" ಅಂತ ಕೇಳಿದ್ದೆ. ಅಪ್ಪ ನಕ್ಕು "ಗಾಡಿ ಭಾರ ಆಗುತ್ತಮ್ಮಾ" ಅಂದಿದ್ರು. ನಾನು ಅದನ್ನ ನಂಬಿದ್ದೆ.

(4/4)

ಮಾರನೇ ದಿನ ಡೈರಿ ಹಿಡ್ಕೊಂಡು ಪಕ್ಕದೂರಿನ ಮೆಕ್ಯಾನಿಕ್ ಅಣ್ಣನ ಹತ್ರ ಹೋದ್ವಿ. ನಾನು ಹೇಳಿ ಮುಗಿಸೋ ಮುಂಚೆಯೇ ಅವರು, "ಅಯ್ಯೋ, ಇದನ್ನ ಮೊದಲೇ ಯಾರಾದ್ರೂ ಹೇಳಬಾರದಿತ್ತಾ?" ಅಂದ್ರು.

ಏನನ್ನೂ ಬಿಚ್ಚಲಿಲ್ಲ. ಟ್ಯಾಂಕ್‌ನಿಂದ ಬರೋ ಪೈಪ್ ಕಳಚಿ, ಬೇರೆ ಪೈಪ್ ಹಾಕಿ, ಅದರ ತುದಿಯನ್ನ ಒಂದು ಡೀಸೆಲ್ ಕ್ಯಾನಿಗೆ ಇಳಿಬಿಟ್ಟರು. ಲೋಡ್ ಸಮೇತ ಅದೇ ಏರಿಗೆ ಹೋದ್ವಿ. ಮೂರು ಸಲ ಹತ್ತಿತು, ಒಂದು ಜರ್ಕ್ ಇಲ್ಲ. ಅಂದ್ರೆ ಪಂಪ್ ಸರಿ, ನಾಝಲ್ ಸರಿ. ತಪ್ಪು ಟ್ಯಾಂಕ್ ಕಡೆ ಇದೆ.

ಟ್ಯಾಂಕ್ ಇಳಿಸಿ, ಒಳಗೆ ನಿಂತಿರೋ ಸಕ್ಷನ್ ಪೈಪ್ ಹೊರಗೆ ತೆಗೆದ್ರು. ಒಂದು ತುದಿ ಬೆರಳಲ್ಲಿ ಮುಚ್ಚಿ, ಸೋಪಿನ ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಗಾಳಿ ಬಿಟ್ಟಾಗ ನಡುವೆ, ಸ್ವಲ್ಪ ಕೆಳಗೆ, ಸಣ್ಣ ಗುಳ್ಳೆಗಳ ಸಾಲು. ತುಕ್ಕು ಹಿಡಿದು ಕೂದಲಿನಷ್ಟು ಬಿರುಕು. (ಕೊನೇ ಫೋಟೋ ಝೂಮ್ ಮಾಡಿ.)

ಜ್ಯೂಸ್ ಕುಡಿಯೋ ಸ್ಟ್ರಾಗೆ ನಡುವೆ ತೂತಾಗಿದೆ ಅಂದ್ಕೊಳ್ಳಿ. ಜ್ಯೂಸ್ ತೂತಿಗಿಂತ ಮೇಲಿದ್ರೆ ಗೊತ್ತೇ ಆಗಲ್ಲ. ಕೆಳಗಿಳಿದ ತಕ್ಷಣ ಬಾಯಿಗೆ ಗಾಳಿ. ನಮ್ಮ ಟ್ಯಾಂಕಲ್ಲೂ ಅದೇ. ಏರಲ್ಲಿ ಲೋಡ್ ಎಳೆಯುವಾಗ ಇಂಜಿನ್‌ಗೆ ಡೀಸೆಲ್ ಜಾಸ್ತಿ ಬೇಕು, ಅಲ್ಲೇ ಉಸಿರು ಕಟ್ಟುತ್ತೆ.

ಪೈಪನ್ನ ತೊಳೆದು ಒಣಗಿಸಿ, ಟ್ಯಾಂಕ್‌ನಿಂದ ದೂರ ಒಯ್ದು ಗ್ಯಾಸ್ ವೆಲ್ಡಿಂಗ್ ಮಾಡಿಸಿದ್ರು. ಕೂಲಿ ಸೇರಿ ಒಟ್ಟು 850 ರೂಪಾಯಿ. ಅಮ್ಮನ ಸರ ಮತ್ತೆ ಕತ್ತಲ್ಲಿದೆ.

ನಿಮ್ಮ ಮನೆ ಗಾಡಿಗೂ ಹೀಗೆ ಬಂದು ಹೋಗೋ ಕಾಯಿಲೆ ಇದ್ರೆ, ಸಾಮಾನು ಚೇಂಜ್ ಮಾಡೋ ಮುಂಚೆ ಒಂದು ವಾರ ಬರೆದಿಡಿ: ಎಲ್ಲಿ ನಿಂತಿತು, ಲೋಡ್ ಎಷ್ಟಿತ್ತು, ಟ್ಯಾಂಕಲ್ಲಿ ಎಷ್ಟಿತ್ತು. ಮೆಕ್ಯಾನಿಕ್ ಕೈಗೆ ಗಾಡಿ ಜೊತೆ ಆ ಹಾಳೇನೂ ಕೊಡಿ.

ಮೂರು ವಾರ ಆಯ್ತು, ವಾಯ್ಸ್ ಮೆಸೇಜ್ ಬಂದಿಲ್ಲ. ಡೈರಿಯಲ್ಲಿ ಈಗಲೂ 500, 500 ಅಂತಾನೇ ಇದೆ. ಮುಂದಿನ ಸೆಮ್ ಫೀಸು ಹತ್ರ ಬಂತಲ್ಲ. ನಿನ್ನೆ ಆ ಕಾಲಂ ಕೆಳಗೆ ನನ್ನ ಕೈಬರಹದಲ್ಲಿ ಒಂದು ಸಾಲು ಸೇರಿಸಿದೆ: "ಪಾಪ ಟ್ಯೂಷನ್ ದುಡ್ಡು, ಡೀಸೆಲ್‌ಗೆ, 1,000." ಅಪ್ಪ ನೋಡಿದ್ರು. ಏನೂ ಹೇಳಲಿಲ್ಲ. ಪಕ್ಕದಲ್ಲಿ ಟಿಕ್ ಹಾಕಿದ್ರು.

#ಅಪ್ಪನಗಾಡಿ #ಕೋಲಾರ #ಟೊಮೇಟೊಲೋಡು #ಬಿಕಾಂಹುಡುಗಿ