ಹತ್ತೂವರೆಗೆ ತಿರುಗಬೇಕು

ನಮ್ಮ ಕರಾವಳಿಯ ಚಳಿಗಾಲ ಬೆಳಗಿನ ಎರಡು ಮೂರು ಗಂಟೆಯದ್ದು. ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಬಿಸಿಲು 30 ಡಿಗ್ರಿ ದಾಟುತ್ತದೆ. ಹಾಗಾಗಿ ಒಂದು ಭಾನುವಾರ ಸೈಕಲ್‌ನಲ್ಲಿ ದೂರ ಹೋಗೋಣವೆಂದು ನಾವು ನಾಲ್ವರು ಗೆಳೆಯರು ತೀರ್ಮಾನಿಸಿದಾಗ ನಕ್ಷೆಗಿಂತ ಮೊದಲು ಗಡಿಯಾರ ನೋಡಬೇಕಾಯಿತು.

ಮೂಡುಬಿದಿರೆಯ ದಾರಿಯಲ್ಲಿ ಏರು ಹೆಚ್ಚು. ನಮ್ಮಲ್ಲಿ ಒಬ್ಬನ ಸೈಕಲಿಗೆ ಗೇರ್ ಇಲ್ಲ. ಉಡುಪಿ ಕಡೆಯ ಹೆದ್ದಾರಿ 66 ಬಹುತೇಕ ಸಮತಟ್ಟು. ಕಾಪುವಿನ ದೀಪಸ್ತಂಭಕ್ಕೆ ಸುಮಾರು 45 ಕಿಲೋಮೀಟರ್. ಆದರೆ ಕೂಳೂರು ಸೇತುವೆಯಿಂದ ಪಣಂಬೂರು, ಬೈಕಂಪಾಡಿ ದಾಟುವವರೆಗೆ ಬಂದರಿನ ಲಾರಿ, ಟ್ಯಾಂಕರ್‌ಗಳ ಕಾಟ.

ಉಮ್ಮ ಎಲ್ಲವನ್ನೂ ಕೇಳಿ, "ಹೋಗುವ ಲೆಕ್ಕ ಹೇಳಿದ್ದಾಯಿತು. ಬರುವ ಲೆಕ್ಕ ಎಲ್ಲಿ?" ಎಂದರು. ಆಮೇಲೆ ಯೋಜನೆಯನ್ನು ಹಿಂದಿನಿಂದ ಬರೆದೆವು.

ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಮೇಲೆ. ಆದರೆ ಪಂಕ್ಚರ್, ದಣಿವು, ಬಿಸಿಲಿಗೆಲ್ಲ ಸಮಯ ಇಟ್ಟುಕೊಳ್ಳಬೇಕು. ಮಧ್ಯಾಹ್ನ ಬೀಸುವ ಕಡಲಗಾಳಿ ವಾಯವ್ಯದಿಂದ ಬರುತ್ತದೆ. ಉತ್ತರಕ್ಕೆ ಹೋಗುವವನಿಗೆ ಎದುರು, ದಕ್ಷಿಣಕ್ಕೆ ಮರಳುವವನಿಗೆ ಸಹಾಯ. ಆದ್ದರಿಂದ ಫಜ್ರ್ ನಮಾಜ್ ಮುಗಿಸಿ, ಚೆನ್ನಾಗಿ ಬೆಳಕಾದ ಮೇಲೆ 6.45ಕ್ಕೆ ಹೊರಡುವುದು, ಕಾಪು ಸಿಗಲಿ, ಸಿಗದಿರಲಿ, 10.30ಕ್ಕೆ ತಿರುಗುವುದು. ಸರ್ವಿಸ್ ರಸ್ತೆ ಇದ್ದಲ್ಲಿ ಅದರಲ್ಲೇ, ಉಳಿದಲ್ಲಿ ಎಡ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು. ಗೇರ್ ಇಲ್ಲದವನು ಮುಂದೆ. ಅವನ ವೇಗವೇ ಎಲ್ಲರ ವೇಗ. ಎಲ್ಲರಿಗೂ ಹೆಲ್ಮೆಟ್, ಹಗಲಲ್ಲೂ ಹಿಂದೆ ಕೆಂಪು ದೀಪ. ವಿರುದ್ಧ ದಿಕ್ಕಿನಲ್ಲಿ ಹತ್ತು ಮೀಟರ್ ಕೂಡ ಇಲ್ಲ. ತುರ್ತು ಸಂಖ್ಯೆ 112, ಹೆದ್ದಾರಿ ಸಹಾಯವಾಣಿ 1033 ಎಲ್ಲರ ಕಿಸೆಯ ಚೀಟಿಯಲ್ಲಿ. ಆ ಹಾಳೆ ನೋಡಿದ ಮೇಲೆ ನಾಲ್ಕೂ ಮನೆಯವರು ಒಪ್ಪಿದರು.

ಹಳೆಯಂಗಡಿ ದಾಟಿದ ಮೇಲೆ ಗೇರ್ ಇಲ್ಲದ ಸೈಕಲಿನ ಹಿಂದಿನ ಟಯರ್ ಪಂಕ್ಚರ್ ಆಯಿತು. ಭಾನುವಾರ ಬೆಳಿಗ್ಗೆ ತೆರೆದ ಅಂಗಡಿ ಹುಡುಕಿ, ರಿಪೇರಿ ಮುಗಿಸುವಾಗ ಗಂಟೆಗೂ ಹೆಚ್ಚು ಹೊತ್ತು ಹೋಯಿತು. ಮೂಲ್ಕಿ, ಹೆಜಮಾಡಿ ದಾಟಿ ಪಡುಬಿದ್ರಿ ಜಂಕ್ಷನ್ ತಲುಪಿದಾಗ ಸರಿಯಾಗಿ 10.30.

"ಇನ್ನು ಹತ್ತೇ ಕಿಲೋಮೀಟರ್ ಮಾರಾಯಾ!" ಎಂದ ಒಬ್ಬ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ಕಾಲಲ್ಲಿ ಶಕ್ತಿ ಇತ್ತು, ರಸ್ತೆ ಖಾಲಿ ಇತ್ತು. ಆದರೆ ಆ ಹತ್ತಕ್ಕೆ ಮರಳುವ ಹತ್ತನ್ನೂ ಸೇರಿಸಿದರೆ ಇಪ್ಪತ್ತು. ಆಗ ಸುರತ್ಕಲ್ ಮುಟ್ಟುವುದೇ ಎರಡು ಗಂಟೆಗೆ; ದಣಿದ ಕಾಲಲ್ಲಿ ಬೈಕಂಪಾಡಿಯ ಲಾರಿಗಳ ನಡುವೆ ಹೋಗಬೇಕಿತ್ತು. ಲಿಂಬೆ ಶರಬತ್ತು ಕುಡಿದು, ಸೈಕಲ್ ತಳ್ಳಿಕೊಂಡು ರಸ್ತೆ ದಾಟಿ ತಿರುಗಿದೆವು. ಸ್ವಲ್ಪ ದೂರ ಯಾರೂ ಮಾತಾಡಲಿಲ್ಲ.

ಸುರತ್ಕಲ್‌ನಲ್ಲಿ ಲುಹರ್ ನಮಾಜ್ ಮಾಡಿ ಹೊರಟಾಗ ಕಡಲಗಾಳಿ ಬೆನ್ನಿಗಿತ್ತು. ಎರಡು ಗಂಟೆಯೊಳಗೆ ನಾಲ್ವರೂ ಮನೆ ಸೇರಿದ್ದೆವು.

ಕಾಪುವಿನ ದೀಪಸ್ತಂಭ 1901ರಿಂದ ಅಲ್ಲೇ ನಿಂತಿದೆ. ಇನ್ನೊಂದು ಭಾನುವಾರದವರೆಗೂ ನಿಲ್ಲುತ್ತದೆ. ಯೋಜನೆಯ ಹಾಳೆ ನನ್ನ ಬಳಿ ಇದೆ. ಯಾರಾದರೂ ಹೊರಡುವುದಿದ್ದರೆ ಕೇಳಿ ಪಡೆಯಿರಿ, ಗೆರೆ ಎಳೆದಿರುವ ಸಾಲನ್ನು ಮಾತ್ರ ಬದಲಾಯಿಸಬೇಡಿ.