ಹಿಮ್ಮಡಿ ನೋವೂ ಅಥಣಿಯ ಚಪ್ಪಲಿಯೂ

ಶರೀರದ ಅವಯವಗಳಲ್ಲಿ ಪಾದವು ದುಡಿಯುವಷ್ಟು ಬೇರಾವುದೂ ದುಡಿಯದು. ಆದರೆ ಅದರ ಕ್ಷೇಮವನ್ನು ವಿಚಾರಿಸುವವರು ವಿರಳ. ಕಣ್ಣು ಮಂಜಾದರೆ ಕನ್ನಡಕವನ್ನು ತರುತ್ತೇವೆ, ಹಲ್ಲು ನೊಂದರೆ ದಂತವೈದ್ಯರಲ್ಲಿಗೆ ಓಡುತ್ತೇವೆ. ಕಾಲು ನೊಂದರೆ ಮಾತ್ರ "ನಾಲ್ಕು ದಿನ ನಡೆದಾಡಿದರೆ ತಾನೇ ಹೋದೀತು" ಎಂದು ಸುಮ್ಮನಾಗುತ್ತೇವೆ. ನಸುಕಿನಿಂದ ರಾತ್ರಿಯವರೆಗೆ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವ ನಮ್ಮ ಗೃಹಿಣಿಯರ ಪಾಡನ್ನಂತೂ ಬೇರೆಯಾಗಿ ಹೇಳಬೇಕಾದುದಿಲ್ಲ.

ಹೀಗೆ ಅಲಕ್ಷ್ಯಕ್ಕೆ ಗುರಿಯಾಗುವ ಬೇನೆಗಳಲ್ಲಿ ಹಿಮ್ಮಡಿ ನೋವು ಮುಖ್ಯವಾದುದು. ಇಂದಿನ ವೈದ್ಯರು ಇದನ್ನು ಪ್ಲಾಂಟರ್ ಫೇಶಿಯೈಟಿಸ್ ಎಂದು ಕರೆಯುವರು. ಆಯುರ್ವೇದದ ಪಂಡಿತರು ವಾತಕಂಟಕವೆಂದು ಗುರುತಿಸುವುದುಂಟು. ಕಂಟಕವೆಂದರೆ ಮುಳ್ಳು, ನೊಂದವರಿಗೆ ಆ ಹೆಸರು ಎಷ್ಟು ಸಾರ್ಥಕವೆಂಬುದು ತಿಳಿದೇ ಇರುವುದು. ಹಿಮ್ಮಡಿಯ ಎಲುಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ಪಟ್ಟಿಯು ಹಬ್ಬಿರುತ್ತದೆ. ಬಿಲ್ಲಿಗೆ ಹೆದೆಯಿದ್ದಂತೆ ಅದು ಪಾದದ ಕಮಾನನ್ನು ಹಿಡಿದಿರುವುದು. ಬಹುಕಾಲ ನಿಲ್ಲುವುದರಿಂದಲೋ, ಮೈತೂಕ ಹೆಚ್ಚುವುದರಿಂದಲೋ, ಮೀನಖಂಡವು ಬಿಗಿಯುವುದರಿಂದಲೋ ಈ ಪಟ್ಟಿಯು ಹಿಮ್ಮಡಿಗೆ ಅಂಟಿರುವ ಸ್ಥಳದಲ್ಲಿ ಜಗ್ಗಿ ನೋಯತೊಡಗುತ್ತದೆ. ರಾತ್ರಿ ನಿದ್ರೆಯಲ್ಲಿ ಪಾದವು ಇಳಿಬಿದ್ದು ಪಟ್ಟಿಯು ಕುಗ್ಗಿರುವುದರಿಂದ ಬೆಳಗಿನ ಮೊದಲ ಹೆಜ್ಜೆಗೆ ಅದು ಫಕ್ಕನೆ ಎಳೆಯಲ್ಪಟ್ಟು ಮುಳ್ಳು ಚುಚ್ಚಿದಂತಾಗುವುದು. ಹತ್ತು ಹೆಜ್ಜೆ ನಡೆದರೆ ನೋವು ಕಡಿಮೆ. ಸಂಜೆಗೆ ಪುನಃ ಅದೇ ನೋವು. ನಾಲ್ವತ್ತರಿಂದ ಅರುವತ್ತು ವರ್ಷದೊಳಗಿನವರಲ್ಲಿ ಇದು ವಿಶೇಷ.

ನಮ್ಮ ಮನೆಯವರಿಗೆ ಈ ಬೇನೆಯು ಹತ್ತಿ ಎಂಟು ತಿಂಗಳಾಗಿದ್ದಿತು. ಧಾರವಾಡದ ನಮ್ಮ ವೈದ್ಯರು ನಾಲ್ಕು ಕಟ್ಟಳೆಗಳನ್ನು ವಿಧಿಸಿದರು: ಮನೆಯೊಳಗೂ ಬರಿಗಾಲಿನಲ್ಲಿ ಓಡಾಡಕೂಡದು, ಹಾಸಿಗೆಯಿಂದ ಇಳಿಯುವ ಮೊದಲೇ ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆದು ಹಿಡಿಯಬೇಕು, ದಿನದಲ್ಲಿ ಹಲವು ಸಲ ಗೋಡೆಗೆ ಕೈಯಾನಿಸಿ ಮೀನಖಂಡವನ್ನು ನೀಡಬೇಕು, ತೆಳ್ಳಗಿನ ಚಪ್ಪಟೆ ಚಪ್ಪಲಿಗಳನ್ನು ಬಿಡಬೇಕು. ಮೊದಲಿನ ಮೂರು ಹೇಗೋ ನಡೆದುವು. ನಾಲ್ಕನೆಯದರಲ್ಲಿಯೇ ತೊಡಕು. ವೈಶಾಖದಲ್ಲಿ ನಮ್ಮ ಮಗಳ ಮದುವೆ. ಅಂಗಡಿಯವರು ತೋರಿಸಿದ ಹಿತವಾದ ಜೋಡುಗಳೆಲ್ಲ ಕಪ್ಪಗೆ, ದಪ್ಪಗೆ ಇದ್ದುವು. "ಇಳಕಲ್ ಸೀರಿ ಕೆಳಗ ಈ ದೋಣಿ ಹಾಕ್ಕೊಂಡು ಬೀಗರ ಮುಂದ ನಿಲ್ಲಂದ್ರ ನಾ ಒಲ್ಲೆ" ಎಂದು ಅವರು ಖಂಡಿತವಾಗಿ ಹೇಳಿಬಿಟ್ಟರು. ಚೆಲುವಿನ ಚಪ್ಪಲಿಯಲ್ಲಿ ನಿಂತರೆ ನೋವು. ನೋವಿಗೆ ಹೆದರಿ ಕುಳಿತರೆ ಮಗಳ ಮದುವೆಯಲ್ಲಿ ತಾಯಿಯು ಮೂಲೆಯ ಪಾಲು. ಕಡೆಗೆ, ಚಪ್ಪಲಿ ಹುಟ್ಟುವ ಊರಿಗೇ ಹೋಗಿ ಕೇಳೋಣವೆಂದು ಮಾಘಮಾಸದ ಒಂದು ದಿನ ಇಬ್ಬರೂ ಅಥಣಿಗೆ ಹೊರಟೆವು.

ಅಥಣಿಯು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ತಾಲ್ಲೂಕು ಸ್ಥಳ. ಊರಿಗೆ ರೈಲಿಲ್ಲ. ಬೆಳಗಾವಿಯಿಂದ ಮೀರಜಿಗೆ ಹೋಗುವ ಗಾಡಿಯಲ್ಲಿ ಘಟಪ್ರಭಾ, ರಾಯಬಾಗಗಳನ್ನು ದಾಟಿದರೆ ಕುಡಚಿ. ಅಲ್ಲಿಂದ ಮುಂದೆ ಕೃಷ್ಣೆಯ ಸೇತುವೆ. ಕೃಷ್ಣೆಯ ಮೈ ಆ ದಿನಗಳಲ್ಲಿ ಇಳಿದಿದ್ದರೂ ಇಕ್ಕೆಲಗಳ ಕಬ್ಬಿನ ಗದ್ದೆಗಳು ಕಣ್ಣಿಗೆ ತಂಪನ್ನೀಯುತ್ತಿದ್ದುವು. ಉಗಾರದಲ್ಲಿಳಿದು ಬಸ್ಸು ಹಿಡಿದೆವು. ಭಾಷೆ ಕನ್ನಡವಾದರೂ ಪೇಟೆಯಲ್ಲಿ ಮರಾಠಿಯೂ ಅಷ್ಟೇ ಸಲೀಸಾಗಿ ಕೇಳಿಬರುವುದು. ಗಚ್ಚಿನ ಮಠಕ್ಕೆ ಹೋಗಿ ಮುರುಘೇಂದ್ರ ಶಿವಯೋಗಿಗಳ ಸನ್ನಿಧಿಯಲ್ಲಿ ಕೈಮುಗಿದು ಸಮಗಾರರ ಓಣಿಯನ್ನು ಕೇಳಿಕೊಂಡು ನಡೆದೆವು.

ಕೊಲ್ಲಾಪುರಿ ಚಪ್ಪಲಿಯೆಂಬ ಹೆಸರಿನಿಂದ ಮಾರಾಟವಾಗುವ ಜೋಡುಗಳಲ್ಲಿ ಎಷ್ಟೋ ಪಾಲು ಅಥಣಿ, ನಿಪ್ಪಾಣಿಗಳ ಸೀಮೆಯಲ್ಲಿ ಸಿದ್ಧವಾಗುತ್ತವೆಂಬುದು ಬಹುಜನರಿಗೆ ತಿಳಿಯದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಾಗ ಅದು ಎರಡು ರಾಜ್ಯಗಳಿಗೂ ಸಮನಾಗಿ ಸಂದಿತು: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಜೋಡುಗಳನ್ನು ಮೂಲದ ಹೆಸರೆತ್ತದೆ ತೋರಿಸಿ, ಆಕ್ಷೇಪಣೆ ಎದ್ದ ಬಳಿಕ ಭಾರತದ ಕೈಕಸಬಿನ ಋಣವನ್ನು ಒಪ್ಪಿಕೊಂಡಿತು. ಓಣಿಯಲ್ಲಿ ಈ ಸುದ್ದಿಯನ್ನು ಅರಿಯದವರಿರಲಿಲ್ಲ. ಆದರೆ ಅದರಿಂದ ತಮ್ಮ ಕೂಲಿಯು ಹೆಚ್ಚಿತೆಂದು ಹೇಳಿದವರನ್ನು ನಾವು ಕಾಣಲಿಲ್ಲ.

ನಾವು ಕುಳಿತ ಮನೆಯ ಪಡಸಾಲೆಯೇ ಕಾರ್ಖಾನೆ. ಎಪ್ಪತ್ತರ ಹಿರಿಯರೊಬ್ಬರು ರಂಪಿಗೆಯಿಂದ ಅಟ್ಟೆಯನ್ನು ಕತ್ತರಿಸುತ್ತಿದ್ದರು. ಅವರ ಸೊಸೆಯು ಪಟ್ಟಿಗಳಿಗೆ ಸಣ್ಣ ಜಡೆ ಹೆಣೆಯುತ್ತಿದ್ದಳು. ಕತ್ತರಿಸುವುದೂ ಕುಟ್ಟುವುದೂ ಗಂಡಸರ ಕೆಲಸ; ಹೆಣಿಗೆಯೂ ಅಲಂಕಾರವೂ ಹೆಂಗಸರದು. ತೊಗಲನ್ನು ಹದಮಾಡಲು ಜಾಲಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಉಪಯೋಗಿಸುವರು. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದಂತೆ ಹೊಲಿದು, ತೂಗಹಾಕಿ, ಅದರೊಳಗೆ ತೊಗಟೆಯ ಕಷಾಯವನ್ನು ತುಂಬಿ ದಿನಗಟ್ಟಲೆ ಇಳಿಯಬಿಡುತ್ತಿದ್ದರು. ಮೊಳೆಯ ಸೋಂಕೇ ಇಲ್ಲ. ಅಟ್ಟೆಗಳನ್ನು ತೊಗಲಿನ ದಾರದಿಂದಲೇ ಹೊಲಿಯುವರು. ಕೆಲಕಾಲ ಮೆಟ್ಟಿದ ಮೇಲೆ ಒಳಗಿನ ಅಟ್ಟೆಯು ಮೆಟ್ಟಿದವರ ಪಾದದ ಅಚ್ಚನ್ನೇ ಪಡೆಯುವುದು ಈ ತೊಗಲಿನ ಗುಣ.

ನಮ್ಮ ಮನೆಯವರು ಹಳೆಯ ಜೋಡನ್ನು ಬಿಟ್ಟು ಒಳಗೆ ಬಂದರಷ್ಟೆ. ಹಿರಿಯರು ಅದನ್ನು ಕೈಗೆತ್ತಿಕೊಂಡು ತಿರುವಿ ನೋಡಿ, "ಎಡಗಾಲ ಹಿಮ್ಮಡಿ ನೋಯ್ತೈತೇನ್ರಿ, ಅಕ್ಕಾರ?" ಎಂದರು.

"ನಿಮಗ ಹ್ಯಾಂಗ ಗೊತ್ತಾತರಿ, ಅಜ್ಜಾರ?"

"ಬಲಗಾಲಿಂದು ಹಿಂದ ಸವದೈತಿ. ಎಡಗಾಲಿಂದು ಬರೀ ತುದಿಗೆ ಸವದೈತಿ. ಹಿಮ್ಮಡಿ ಊರಾಕ ಅಂಜ್ತೀರಿ."

ವೈದ್ಯರ ಕಟ್ಟಳೆಗಳನ್ನು ವಿವರಿಸಿದೆವು. ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಅವರ ಜೋಡಿನ ಚೆಲುವೆಲ್ಲ ಆ ಚಪ್ಪಟೆಯಾದ ತೆಳ್ಳಗಿನ ಅಟ್ಟೆಯಲ್ಲಿಯೇ ಇರುವುದು. ನಾವು ಬೇಡಿದುದು ಅದನ್ನೇ ಬದಲಿಸಬೇಕೆಂದು. ಒಳಗೆ ಮಿದುವಾದ ರಬ್ಬರಿನ ಪದರವನ್ನು ಇಡಬಹುದೇ ಎಂದು ನಾವು ಕೇಳಿದಾಗ, "ನಮ್ಮಪ್ಪನ ಕಾಲಕ್ಕ ಇದು ಇರಲಿಲ್ರಿ" ಎಂದು ತಲೆದೂಗಿದರು. ಮಗನು ಪುಣೆಯ ಕಾರ್ಖಾನೆಯೊಂದಕ್ಕೆ ಹೋಗಿರುವನೆಂದೂ, ತಮ್ಮ ಬಳಿಕ ಈ ರಂಪಿಗೆಯನ್ನು ಹಿಡಿಯುವವರಿಲ್ಲವೆಂದೂ ಆಗ ತಿಳಿಯಿತು. ಮೌನವನ್ನು ಮುರಿದವಳು ಸೊಸೆ. "ಮಾವಾರ, ಪದರ ನಡುವ ಇಟ್ಟು ಮ್ಯಾಲ ತೊಗಲ ಹೊಲದ್ರ ಯಾರಿಗಿ ಕಾಣತೈತ್ರಿ?" ಎಂದಳು. ಹಿರಿಯರು ನಕ್ಕು ಕಾಗದವನ್ನು ಹಾಸಿ ಪಾದಗಳ ಗುರುತನ್ನು ಬರೆದುಕೊಂಡರು.

ಅಟ್ಟೆಯ ಮೇಲೆ ಅಟ್ಟೆಯಿಟ್ಟು ಹಿಮ್ಮಡಿಯನ್ನು ಮುಂಗಾಲಿಗಿಂತ ಒಂದು ಬೆರಳಿನ ದಪ್ಪ ಎತ್ತರಿಸುವುದು, ಕಮಾನಿನ ಕೆಳಗೆ ತೊಗಲಿನ ಸಣ್ಣ ದಿಂಡನ್ನು ಇಡುವುದು, ಹಿಮ್ಮಡಿಯ ಜಾಗದಲ್ಲಿ ರಬ್ಬರಿನ ಪದರವನ್ನು ಮುಚ್ಚಿ ಹೊಲಿಯುವುದು, ಕಾಲು ಜಾರದಂತೆ ಹಿಂದೆ ಒಂದು ಪಟ್ಟಿ: ಹೀಗೆ ಗೊತ್ತಾಯಿತು. ಮೇಲಿನ ಹೆಣಿಗೆಯೂ ಕಿವಿಗಳೂ ಉಂಗುಟವೂ ಸಂಪ್ರದಾಯದಂತೆಯೇ. ಬೆಲೆಯನ್ನು ಅವರು ಹೇಳಿದಷ್ಟೇ ಕೊಟ್ಟೆವು. ಹರಳಯ್ಯನ ಕಥೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಚಪ್ಪಲಿಯ ಬೆಲೆಗೆ ಚೌಕಾಶಿ ಮಾಡುವುದು ನಮ್ಮ ಮನೆಯವರಿಗೆ ಸರಿತೋರಲಿಲ್ಲ. ಬಸವಣ್ಣನವರು ಒಂದು ಶರಣಾರ್ಥಿಯನ್ನು ಹೆಚ್ಚಾಗಿ ಹೇಳಿದುದಕ್ಕೆ ಆ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಜೋಡನ್ನು ಮಾಡಿದರೆಂಬುದು ಐತಿಹ್ಯವಷ್ಟೆ.

ಫಾಲ್ಗುಣದಲ್ಲಿ ಜೋಡು ಅಂಚೆಯಿಂದ ಬಂದಿತು. ಮೊದಲ ದಿನ ಅರ್ಧ ತಾಸು, ಮರುದಿನ ಒಂದು ತಾಸು, ಹೀಗೆ ಕಾಲಿಗೆ ಒಗ್ಗಿಸಿಕೊಂಡರು. ವೈದ್ಯರು ಅದನ್ನು ಬಗ್ಗಿಸಿ ನೋಡಿ, ಸಮಾರಂಭದ ಹೊತ್ತಿಗೆ ಅಡ್ಡಿಯಿಲ್ಲ, ದಿನನಿತ್ಯದ ಓಡಾಟಕ್ಕೆ ಮಾತ್ರ ಮೊದಲಿನ ದಪ್ಪ ಜೋಡೇ ಇರಲಿ ಎಂದರು. ಮದುವೆಯ ದಿನ ಮಂಟಪದಲ್ಲಿ ಎಲ್ಲರಂತೆ ಬರಿಗಾಲು. ಆದರೆ ಬೀಗರನ್ನು ಇದಿರುಗೊಳ್ಳುವಾಗಲೂ ಬಂದವರನ್ನು ಬೀಳ್ಕೊಡುವಾಗಲೂ ಅಥಣಿಯ ಜೋಡಿನಲ್ಲಿಯೇ ನಿಂತಿದ್ದರು. ನೋವು ಇಲ್ಲವಾಗಲಿಲ್ಲ, ಅದು ಚಪ್ಪಲಿಯಿಂದಾಗುವ ಕೆಲಸವೂ ಅಲ್ಲ. ಆದರೆ ಕುರ್ಚಿಯನ್ನು ಕೇಳಿದುದು ಒಂದೇ ಸಲ.

ಇದೇ ಬೇನೆಯುಳ್ಳ ವಾಚಕರಿಗೆ ಕೆಲವು ಮಾತುಗಳನ್ನು ಹೇಳಬಹುದು. ಜೋಡನ್ನು ಸಂಜೆಯ ಹೊತ್ತಿಗೆ ಕೊಳ್ಳಿರಿ. ಆಗ ಪಾದವು ಸ್ವಲ್ಪ ಉಬ್ಬಿರುತ್ತದೆ. ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳುಗಳ ಬುಡದಲ್ಲಿ ಬಗ್ಗಬೇಕೇ ಹೊರತು ನಡುವೆ ಮಡಿಯಬಾರದು. ಬಟ್ಟೆಯಂತೆ ಹಿಂಡಲು ಬಂದರೆ ಅದು ನಿಮಗೆ ತಕ್ಕದ್ದಲ್ಲ. ಅತಿ ಎತ್ತರದ ಹಿಮ್ಮಡಿಯೂ ಬೇಡ, ತೀರ ಚಪ್ಪಟೆಯೂ ಬೇಡ. ಸವೆದುದನ್ನು ಮಮತೆಯಿಂದ ಉಳಿಸಿಕೊಳ್ಳಬೇಡಿರಿ. ತಾಳ್ಮೆಯೂ ವ್ಯಾಯಾಮವೂ ಇದ್ದರೆ ಬಹುಮಂದಿಗೆ ವರ್ಷದೊಳಗೆ ಗುಣವಾಗುವುದೆಂದು ವೈದ್ಯರು ಹೇಳುವರು. ಜೋಮು, ಜ್ವರ, ಬಾವುಗಳಿದ್ದರೆ ಅಥವಾ ಮಧುಮೇಹಿಗಳಾಗಿದ್ದರೆ ತಡಮಾಡದೆ ಅವರನ್ನು ಕಾಣತಕ್ಕದ್ದು.

ಅಥಣಿಗೆ ಹೋಗುವವರು ತಮ್ಮ ಹಳೆಯ ಜೋಡನ್ನು ಒಯ್ಯಲು ಮರೆಯದಿರಲಿ. ನಾವು ಬಾಯಿಂದ ಹೇಳಲಾರದ ಎಷ್ಟೋ ಸಂಗತಿಗಳನ್ನು ಆ ಓಣಿಯ ಹಿರಿಯರು ಅದರಲ್ಲಿ ಓದಿಕೊಳ್ಳಬಲ್ಲರು.